ತೆರಿಗೆಯ ಪೈಪೋಟಿ, ಹಣದ ಗುಟ್ಟು



ತೆರಿಗೆಯ ಬಗ್ಗೆ ಉಪನ್ಯಾಸ ಎಂದರೆ ಹಿಂದಿನ ಸಾಲಿನವರು ಬಾಗಿಲ ಕಡೆ ನೋಡಲು ಶುರು ಮಾಡುತ್ತಾರೆ. ಹಾಗಾಗಿ ಸಿದ್ಧಾಂತವನ್ನು ಆಮೇಲೆ ನೋಡಿಕೊಳ್ಳೋಣ; ಮೊದಲು ಒಂದು ಪೊಲೀಸ್ ದಾಳಿಯ ಕಥೆ ಹೇಳುತ್ತೇನೆ.

1932ರ ಅಕ್ಟೋಬರ್. ಪ್ಯಾರಿಸ್ಸಿನ ಒಂದು ಮನೆಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬ್ಯಾಂಕೊಂದರ ಅಧಿಕಾರಿಗಳು ಬೋರ್ಡು ಹಾಕದೆ ವ್ಯವಹಾರ ನಡೆಸುತ್ತಿದ್ದರು. ಷೇರು, ಬಾಂಡುಗಳ ಆದಾಯದ ಮೇಲೆ ಫ್ರೆಂಚ್ ಸರ್ಕಾರ ಹಾಕಿದ್ದ ತೆರಿಗೆಯಿಂದ ತಪ್ಪಿಸಿಕೊಳ್ಳಲು ಬಯಸಿದವರಿಗೆ ಅದೇ ಕಚೇರಿ. ಪೊಲೀಸರು ನುಗ್ಗಿದಾಗ ಸಾವಿರಕ್ಕೂ ಹೆಚ್ಚು ಗಿರಾಕಿಗಳ ಹೆಸರು ಸಿಕ್ಕಿತು. ಅದರಲ್ಲಿ ಸೆನೆಟರುಗಳಿದ್ದರು, ಸೇನಾಧಿಕಾರಿಗಳಿದ್ದರು, ಬಿಷಪ್ಪರೂ ಇದ್ದರು. ಮುಂದಿನ ತಿಂಗಳು ಸಮಾಜವಾದಿ ಸದಸ್ಯ ಫಾಬಿಯಾನ್ ಆಲ್ಬರ್ತಾ ಸಂಸತ್ತಿನಲ್ಲಿ ಎದ್ದು ನಿಂತು ಒಂದಷ್ಟು ಹೆಸರುಗಳನ್ನು ಓದಿಯೇಬಿಟ್ಟರು. ಫ್ರೆಂಚರ ಠೇವಣಿ ಸ್ವಿಸ್ ಬ್ಯಾಂಕುಗಳಿಂದ ದಿಢೀರನೆ ಹೊರಬರತೊಡಗಿತು.

ಎರಡು ವರ್ಷದಲ್ಲಿ, ಅಂದರೆ 1934ರಲ್ಲಿ, ಸ್ವಿಟ್ಜರ್ಲೆಂಡ್ ತನ್ನ ಬ್ಯಾಂಕಿಂಗ್ ಕಾಯಿದೆಯನ್ನು ತಂದಿತು. ಬ್ಯಾಂಕುಗಳು ಮುಳುಗುತ್ತಿದ್ದ ಕಾಲ ಅದು, ಕಾಯಿದೆಯ ಬಹುಭಾಗ ಅದರ ರಿಪೇರಿಗೆ ಸಂಬಂಧಿಸಿದ್ದು. ಆದರೆ ಅದರ 47ನೇ ಕಲಮು ಲೋಕಪ್ರಸಿದ್ಧವಾಯಿತು. ಗಿರಾಕಿಯ ಗುಟ್ಟು ಬಿಟ್ಟುಕೊಟ್ಟ ಬ್ಯಾಂಕ್ ನೌಕರನಿಗೆ ಜೈಲು! ಅಲ್ಲಿಯವರೆಗೆ ವೃತ್ತಿಯ ಮರ್ಯಾದೆಯಾಗಿದ್ದದ್ದು ಅಲ್ಲಿಂದ ಮುಂದೆ ಕ್ರಿಮಿನಲ್ ಕಾನೂನಾಯಿತು.

ನಿಮ್ಮಲ್ಲಿ ಅನೇಕರು ಈ ಕಾನೂನಿನ ಬೇರೊಂದು ಕಥೆಯನ್ನು ಕೇಳಿರುತ್ತೀರಿ. ಹಿಟ್ಲರನ ಗೂಢಚಾರರಿಂದ ಯೆಹೂದಿಗಳ ಉಳಿತಾಯವನ್ನು ಕಾಪಾಡಲು ಸ್ವಿಸ್ಸರು ಈ ಗುಟ್ಟನ್ನು ಶಾಸನ ಮಾಡಿದರು ಎಂಬ ಕಥೆ. ಅದು 1960ರ ದಶಕದಲ್ಲಿ ಸ್ವಿಸ್ ಬ್ಯಾಂಕಿನವರೇ ಹಬ್ಬಿಸಿದ್ದು. ನಿಜವಾಗಿ ನಡೆದದ್ದು ಆ ಕಥೆಗೆ ತದ್ವಿರುದ್ಧ. ಯುದ್ಧ ಮುಗಿದ ಮೇಲೆ ಸತ್ತವರ ಮಕ್ಕಳು ಸ್ವಿಸ್ ಬ್ಯಾಂಕುಗಳ ಬಾಗಿಲು ತಟ್ಟಿದಾಗ ಕೌಂಟರಿನ ಆಚೆಯಿಂದ ಮರಣ ಪ್ರಮಾಣಪತ್ರ ಕೇಳಿದರು. ಆಶ್‌ವಿಟ್ಜ್ ಮರಣ ಪ್ರಮಾಣಪತ್ರ ಕೊಡುತ್ತಿರಲಿಲ್ಲ. ಖಾತೆ ಇದೆಯೇ ಇಲ್ಲವೇ ಹೇಳಿ ಎಂದರೆ ಗುಟ್ಟಿನ ಕಾನೂನು ಅಡ್ಡ ಬರುತ್ತಿತ್ತು. ಅಮೆರಿಕದ ಕೇಂದ್ರ ಬ್ಯಾಂಕಿನ ಮಾಜಿ ಮುಖ್ಯಸ್ಥ ಪಾಲ್ ವೋಲ್ಕರ್ ನೇತೃತ್ವದ ಸಮಿತಿ 1999ರಲ್ಲಿ ವರದಿ ಕೊಟ್ಟಾಗ, ನಾಜಿ ದೌರ್ಜನ್ಯಕ್ಕೆ ಸಿಕ್ಕವರದ್ದಾಗಿರಬಹುದಾದ ಸುಮಾರು 54,000 ಖಾತೆಗಳು ಇವೆ ಎಂದಿತು. ಅದಕ್ಕೆ ಒಂದು ವರ್ಷ ಮೊದಲೇ ಎರಡು ದೊಡ್ಡ ಬ್ಯಾಂಕುಗಳು 125 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿಕೊಂಡಿದ್ದವು. ಹಣವಂತ ಬಿಷಪ್ಪರಿಗೆ ನೆರಳಾದ ಕಾನೂನು ಅನಾಥ ಮಕ್ಕಳಿಗೆ ಗೋಡೆಯಾಯಿತು. ಗುಟ್ಟಿನ ಪರವಾಗಿ ಯಾರು ಎಷ್ಟೇ ಚೆನ್ನಾಗಿ ಮಾತನಾಡಿದರೂ ಆ ಕೌಂಟರು ನನ್ನ ಕಣ್ಣಮುಂದೆ ಬರುತ್ತದೆ.

ಆ ಗೋಡೆ ಬಿದ್ದದ್ದು ನೀತಿಬೋಧೆಯಿಂದಲ್ಲ. ಒಬ್ಬ ಒಳಗಿನವನಿಂದ. ಬ್ರ್ಯಾಡ್ಲಿ ಬರ್ಕನ್‌ಫೆಲ್ಡ್ ಎಂಬ ಅಮೆರಿಕನ್ ಜಿನೀವಾದಲ್ಲಿ ಯುಬಿಎಸ್ ಬ್ಯಾಂಕಿನ ನೌಕರನಾಗಿದ್ದ. ಗಿರಾಕಿಯೊಬ್ಬರ ವಜ್ರಗಳನ್ನು ಟೂತ್‌ಪೇಸ್ಟ್ ಟ್ಯೂಬಿನಲ್ಲಿ ಅಡಗಿಸಿ ಅಮೆರಿಕಕ್ಕೆ ಸಾಗಿಸಿದವನೂ ಅವನೇ. 2007ರಲ್ಲಿ ಅವನು ಅಮೆರಿಕದ ಅಧಿಕಾರಿಗಳ ಮುಂದೆ ಬಾಯಿಬಿಟ್ಟ. 2009ರ ಫೆಬ್ರವರಿಯಲ್ಲಿ ಯುಬಿಎಸ್ 78 ಕೋಟಿ ಡಾಲರ್ ತೆತ್ತು ಮೊದಲ ಕಂತಿನ ಹೆಸರುಗಳನ್ನು ಒಪ್ಪಿಸಿತು. ಅದೇ ಆಗಸ್ಟಿನಲ್ಲಿ ಇನ್ನೂ ಸುಮಾರು 4,450 ಖಾತೆಗಳ ವಿವರ ಕೊಡಲು ಸ್ವಿಸ್ ಸರ್ಕಾರವೇ ಒಪ್ಪಿತು. ಬಾಯಿಬಿಟ್ಟವನಿಗೆ ಅಮೆರಿಕ ಮೊದಲು 40 ತಿಂಗಳ ಜೈಲು ಶಿಕ್ಷೆ ಕೊಟ್ಟಿತು, ಹೊರಬಂದ ಮೇಲೆ 2012ರಲ್ಲಿ 10.4 ಕೋಟಿ ಡಾಲರ್ ಇನಾಮು ಕೊಟ್ಟಿತು. ಕಾದಂಬರಿಯಲ್ಲಿ ಹೀಗೆ ಬರೆದರೆ ಸಂಪಾದಕರು ವಾಪಸು ಕಳಿಸುತ್ತಾರೆ. 1741ರಲ್ಲಿ ಹುಟ್ಟಿದ ವೆಗೆಲಿನ್ ಎಂಬ ಸ್ವಿಸ್ ಬ್ಯಾಂಕು 2013ರಲ್ಲಿ ನ್ಯೂಯಾರ್ಕಿನ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಬಾಗಿಲು ಹಾಕಿತು.

2010ರಲ್ಲಿ ಅಮೆರಿಕ ಫಾಟ್ಕಾ ಕಾನೂನು ಮಾಡಿತು. ನಮ್ಮ ಪ್ರಜೆಗಳ ಖಾತೆಯ ವಿವರವನ್ನು ಪ್ರಪಂಚದ ಪ್ರತಿ ಬ್ಯಾಂಕೂ ಕೊಡಬೇಕು, ಇಲ್ಲದಿದ್ದರೆ ಅಮೆರಿಕದಿಂದ ಹೋಗುವ ಹಣದಲ್ಲಿ ನೂರಕ್ಕೆ 30 ಮುರಿದುಕೊಳ್ಳುತ್ತೇವೆ ಎಂಬುದು ಅದರ ತಿರುಳು. ಭಾರತ 2015ರ ಜುಲೈಯಲ್ಲಿ ಅದಕ್ಕೆ ಸಹಿ ಹಾಕಿತು. 2017ರ ಏಪ್ರಿಲ್‌ನಲ್ಲಿ ಬ್ಯಾಂಕಿನಿಂದ, ಮ್ಯೂಚುವಲ್ ಫಂಡಿನಿಂದ ‘ನೀವು ಬೇರೆ ದೇಶದ ತೆರಿಗೆ ನಿವಾಸಿಯೇ?’ ಎಂದು ಕೇಳುವ ಫಾರಂ ನಿಮಗೂ ಬಂದಿದ್ದರೆ, ಅದರ ಹಿಂದಿದ್ದದ್ದು ಇದೇ. ಈ ನಡುವೆಯೇ ಒಇಸಿಡಿ, ಅಂದರೆ ಶ್ರೀಮಂತ ದೇಶಗಳ ಆರ್ಥಿಕ ಕೂಟ, ಇದೇ ಏರ್ಪಾಡನ್ನು ಎಲ್ಲ ದೇಶಗಳಿಗೂ ವಿಸ್ತರಿಸಿತು. ಈಗ ನೂರಕ್ಕೂ ಹೆಚ್ಚು ದೇಶಗಳು ವರ್ಷಕ್ಕೊಮ್ಮೆ ತಾವಾಗಿಯೇ ಖಾತೆಗಳ ವಿವರವನ್ನು ಪರಸ್ಪರ ಕಳಿಸಿಕೊಳ್ಳುತ್ತವೆ. ಸ್ವಿಟ್ಜರ್ಲೆಂಡ್ 2019ರಿಂದ ಭಾರತಕ್ಕೂ ಕಳಿಸುತ್ತಿದೆ.

ಇದನ್ನು ಕೇಳಿ ‘ಒಳ್ಳೆಯದೇ ಆಯಿತಲ್ಲ’ ಎನ್ನುವವರು ಈ ಸಭೆಯಲ್ಲಿ ಹೆಚ್ಚಿರಬಹುದು. ಆದರೆ ಎದುರಾಳಿಯ ವಾದ ಅಷ್ಟು ಹಗುರವಾದದ್ದಲ್ಲ.

1956ರಲ್ಲಿ ಚಾರ್ಲ್ಸ್ ಟೀಬೂ ಎಂಬ ಅರ್ಥಶಾಸ್ತ್ರಜ್ಞ ಒಂದು ಚಿಕ್ಕ ಲೇಖನ ಬರೆದ. ಜನ ತಮಗೆ ಬೇಕಾದ ಸೌಲಭ್ಯ, ತಾಳಿಕೊಳ್ಳಬಹುದಾದ ತೆರಿಗೆ ಇರುವ ಊರಿಗೆ ಗುಳೆ ಹೋಗಬಲ್ಲರಾದರೆ, ಆ ಭಯವೇ ಪುರಸಭೆಗಳನ್ನು ನೆಟ್ಟಗಿಡುತ್ತದೆ ಎಂಬುದು ಅವನ ವಾದ. 1980ರಲ್ಲಿ ಅರ್ಥಶಾಸ್ತ್ರಜ್ಞರಾದ ಬ್ರೆನನ್ ಮತ್ತು ಬುಕಾನನ್ ಅದನ್ನೇ ಇನ್ನೂ ಮುಂದಕ್ಕೆ ಒಯ್ದರು: ಸರ್ಕಾರವೆಂಬುದು ಸಿಕ್ಕಷ್ಟೂ ಬಾಚಿಕೊಳ್ಳುವ ಪ್ರಾಣಿ, ಅದಕ್ಕೆ ಲಗಾಮು ಹಾಕುವುದು ಪಕ್ಕದ ಸರ್ಕಾರ. ಇದನ್ನು ಬರೀ ಬಲಪಂಥೀಯರ ಗೊಣಗಾಟ ಎಂದು ತಳ್ಳಿಹಾಕುವವರು ನಮ್ಮ ದೇಶದ 1973-74ನ್ನು ನೆನಪಿಸಿಕೊಳ್ಳಬೇಕು. ಆ ವರ್ಷ ಭಾರತದಲ್ಲಿ ಆದಾಯ ತೆರಿಗೆಯ ಗರಿಷ್ಠ ದರ ಸರ್ಚಾರ್ಜೂ ಸೇರಿ ನೂರಕ್ಕೆ 97.75. ಕೊನೆಯ ನೂರು ರೂಪಾಯಿಯಲ್ಲಿ ಕೈಗೆ ಉಳಿಯುವುದು ಎರಡೂ ಕಾಲು ರೂಪಾಯಿ. ಆ ದರ ನಮ್ಮಲ್ಲಿ ಸಮಾನತೆಯನ್ನೇನೂ ತರಲಿಲ್ಲ, ಎರಡು ಲೆಕ್ಕದ ಪುಸ್ತಕ ಇಡುವ ಅಭ್ಯಾಸವನ್ನು ಬೆಳೆಸಿತು.

ಗುಟ್ಟಿನ ವಿಷಯದಲ್ಲೂ ಈ ಎದುರಾಳಿಗಳ ಬಳಿ ಉದಾಹರಣೆಗಳಿವೆ. 2001ರ ಡಿಸೆಂಬರಿನಲ್ಲಿ ಅರ್ಜೆಂಟೀನಾ ಸರ್ಕಾರ ಜನರ ಬ್ಯಾಂಕ್ ಖಾತೆಗಳನ್ನು ಬಿಗಿದು, ವಾರಕ್ಕೆ ಇಷ್ಟೇ ಎಂದು ಹಣ ಕೊಟ್ಟಿತು. ಆಮೇಲೆ ಡಾಲರ್ ಠೇವಣಿಗಳನ್ನು ಬಲವಂತವಾಗಿ ಪೆಸೋಗೆ ಇಳಿಸಿತು. ಹೊರದೇಶದಲ್ಲಿ ಒಂದಿಷ್ಟು ಇಟ್ಟವನು ಬಚಾವಾದ. ಅವನು ಕಳ್ಳನೋ, ಜಾಣನೋ? ಸರ್ವಾಧಿಕಾರಿಯ ದೇಶದಲ್ಲಿ ವಿರೋಧ ಪಕ್ಷದವನ ಖಾತೆಯ ವಿವರ ಪ್ರತಿ ವರ್ಷ ತಾನಾಗಿಯೇ ಆ ಸರ್ವಾಧಿಕಾರಿಯ ಮೇಜಿಗೆ ಬರುವುದು ಒಳ್ಳೆಯದೇ? ಇವು ಸುಲಭವಾಗಿ ಉತ್ತರ ಸಿಗುವ ಪ್ರಶ್ನೆಗಳಲ್ಲ.

ಈ ಎರಡು ಬಣಗಳ ಜಗಳ ಬಹಿರಂಗವಾಗಿ ಶುರುವಾದದ್ದು 1998ರಲ್ಲಿ, ಒಇಸಿಡಿ ಹಾನಿಕಾರಕ ತೆರಿಗೆ ಪೈಪೋಟಿಯ ಬಗ್ಗೆ ವರದಿ ತಂದಾಗ. 2000ದ ಜೂನಿನಲ್ಲಿ ಅದು 35 ತೆರಿಗೆ ಸ್ವರ್ಗಗಳ ಪಟ್ಟಿ ಹೊರಡಿಸಿತು. ಬಾರ್ಬಡೋಸ್ ಇತ್ತು, ವನುವಾಟು ಇತ್ತು, ಪೆಸಿಫಿಕ್ಕಿನ ಪುಟ್ಟ ನವುರು ಇತ್ತು. ಸ್ವಿಟ್ಜರ್ಲೆಂಡ್ ಇರಲಿಲ್ಲ. ಲಕ್ಸೆಂಬರ್ಗ್ ಇರಲಿಲ್ಲ. ಅವೆರಡೂ ಕೂಟದ ಸದಸ್ಯರು! ಬಾರ್ಬಡೋಸಿನ ಪ್ರಧಾನಿ ಓವೆನ್ ಆರ್ಥರ್ ಇದನ್ನು ಜೋರಾಗಿಯೇ ಪ್ರತಿಭಟಿಸಿದರು. ಕಬ್ಬು ಬೆಳೆದು ಬದುಕಿ ಎಂದು ದ್ವೀಪಗಳಿಗೆ ಹೇಳಿದವರೇ, ಅವು ಕಬ್ಬು ಬಿಟ್ಟು ಬ್ಯಾಂಕು ಇಟ್ಟುಕೊಂಡ ಮೇಲೆ ಹಾನಿಕಾರಕ ಎನ್ನತೊಡಗಿದ್ದರು. 2001ರ ಮೇ ತಿಂಗಳಲ್ಲಿ ಬುಷ್ ಸರ್ಕಾರದ ಹಣಕಾಸು ಕಾರ್ಯದರ್ಶಿ ಪಾಲ್ ಓನೀಲ್ ಅಮೆರಿಕದ ಬೆಂಬಲವನ್ನು ಹಿಂತೆಗೆದರು. ಬೇರೆ ದೇಶಕ್ಕೆ ತೆರಿಗೆ ದರ ಎಷ್ಟಿರಬೇಕೆಂದು ಹೇಳುವುದು ನಮ್ಮ ಕೆಲಸವಲ್ಲ ಎಂಬುದು ಅವರ ನಿಲುವು. ಆದರೆ ಮಾಹಿತಿ ವಿನಿಮಯ ಬೇಕು ಎಂಬುದನ್ನು ಅವರು ಬಿಡಲಿಲ್ಲ. ಈ ವ್ಯತ್ಯಾಸ ನನಗೆ ಮುಖ್ಯ. ಎರಡು ಬಣಗಳೂ ಬೇಕೆಂದೇ ಒಂದಕ್ಕೊಂದು ಗಂಟು ಹಾಕಿರುವ ಎರಡು ಪ್ರಶ್ನೆಗಳನ್ನು ಅದು ಬಿಡಿಸಿ ಇಡುತ್ತದೆ. ಒಂದು: ದೇಶವೊಂದು ತನ್ನ ದರವನ್ನು ಬಹಿರಂಗವಾಗಿ ಇಳಿಸಬಹುದೇ? ಇನ್ನೊಂದು: ದೇಶವೊಂದು ಬೇರೆ ದೇಶದ ತೆರಿಗೆದಾರನನ್ನು ಅವನ ಸರ್ಕಾರದಿಂದ ಬಚ್ಚಿಡಬಹುದೇ? ಮೊದಲನೆಯದಕ್ಕೆ ನನ್ನ ಉತ್ತರ, ಒಂದು ಮಿತಿಯವರೆಗೆ ಹೌದು. ಎರಡನೆಯದಕ್ಕೆ, ಇಲ್ಲ.

ಮೊದಲನೆಯದಕ್ಕೆ ಹೌದು ಎನ್ನಲು ನನಗೆ ಒಂದು ಸ್ಥಳೀಯ ಕಾರಣವೂ ಇದೆ. ನಾವು ಕುಳಿತಿರುವ ಈ ರಾಜ್ಯದ ಐಶ್ವರ್ಯದ ಒಂದು ಪಾಲು ತೆರಿಗೆ ಪೈಪೋಟಿಯ ಫಲ. ಎಲೆಕ್ಟ್ರಾನಿಕ್ಸ್ ಸಿಟಿಯ ಸಾಫ್ಟ್‌ವೇರ್ ರಫ್ತು ಕಂಪನಿಗಳಿಗೆ ಆದಾಯ ತೆರಿಗೆ ಕಾಯಿದೆಯ 10ಎ ಕಲಮಿನಡಿ ಲಾಭದ ಮೇಲೆ ರಜೆ ಇತ್ತು. ಅದು ಮುಗಿದದ್ದು 2011ರ ಮಾರ್ಚಿಗೆ. ಅಮೆರಿಕದ ಒಬ್ಬ ಸೆನೆಟರ್ ಅದನ್ನು ಹಾನಿಕಾರಕ ಪೈಪೋಟಿ ಎಂದಿದ್ದರೆ ನಾವು ಏನು ಹೇಳುತ್ತಿದ್ದೆವು? 2019ರ ಸೆಪ್ಟೆಂಬರಿನಲ್ಲಿ, ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಪಣಜಿಯಲ್ಲಿ ನಿಂತು ಕಂಪನಿ ತೆರಿಗೆಯ ಮೂಲ ದರವನ್ನು 30ರಿಂದ 22ಕ್ಕೆ, ಹೊಸ ಕಾರ್ಖಾನೆಗಳಿಗೆ 15ಕ್ಕೆ ಇಳಿಸಿದರು. ಕಾರ್ಖಾನೆಗಳನ್ನು ಪೂರ್ವ ಏಷ್ಯಾದ ದೇಶಗಳು ಎಳೆದುಕೊಳ್ಳದಿರಲಿ ಎಂಬುದೇ ಲೆಕ್ಕ. ಪ್ರಪಂಚದಾದ್ಯಂತ 1980ರಲ್ಲಿ ಸರಾಸರಿ ನೂರಕ್ಕೆ 40ರ ಆಸುಪಾಸಿನಲ್ಲಿದ್ದ ಕಂಪನಿ ತೆರಿಗೆ ಇಂದು 23ರ ಆಸುಪಾಸಿಗೆ ಇಳಿದಿದ್ದರೆ, ಆ ಇಳಿಜಾರಿನಲ್ಲಿ ನಮ್ಮ ಹೆಜ್ಜೆಗಳೂ ಇವೆ.

ಹಾಗಾದರೆ ಮಿತಿ ಯಾವುದು? ಅದನ್ನು ತಿಳಿಯಲು ಪ್ಯಾರಿಸ್ಸಿಗೋ ಜಿನೀವಾಕ್ಕೋ ಹೋಗಬೇಕಿಲ್ಲ. 1990ರ ದಶಕದಲ್ಲಿ ನಮ್ಮ ರಾಜ್ಯಗಳೇ ಮಾರಾಟ ತೆರಿಗೆಯಲ್ಲಿ ಯುದ್ಧ ಹೂಡಿದ್ದವು. ಕಾರಿಗೆ ಒಂದು ರಾಜ್ಯ ದರ ಇಳಿಸಿದರೆ ಪಕ್ಕದ್ದು ಇನ್ನೂ ಇಳಿಸುವುದು, ಒಂದು ಕಡೆ ಹತ್ತು ವರ್ಷದ ವಿನಾಯಿತಿ ಎಂದರೆ ಇನ್ನೊಂದು ಕಡೆ ಹದಿನೈದು. ಗೆದ್ದವರು ಕಾರ್ಖಾನೆಯವರು, ಸೋತದ್ದು ಎಲ್ಲ ರಾಜ್ಯಗಳ ಬೊಕ್ಕಸ. ಕೊನೆಗೆ ಯಶವಂತ ಸಿನ್ಹಾ ಹಣಕಾಸು ಸಚಿವರಾಗಿದ್ದಾಗ ಮುಖ್ಯಮಂತ್ರಿಗಳೆಲ್ಲ ಕೂತು, 2000ದ ಜನವರಿಯಿಂದ ಇದಕ್ಕಿಂತ ಕೆಳಗೆ ಯಾರೂ ಇಳಿಯಬಾರದು ಎಂಬ ತಳದ ದರಗಳಿಗೆ ಒಪ್ಪಿದರು. ಜಿಎಸ್‌ಟಿಯ ದಾರಿ ತೆರೆದದ್ದು ಅಲ್ಲಿಂದ. 2021ರ ಅಕ್ಟೋಬರಿನಲ್ಲಿ 136 ದೇಶಗಳು ದೊಡ್ಡ ಬಹುರಾಷ್ಟ್ರೀಯ ಕಂಪನಿಗಳಿಗೆ ನೂರಕ್ಕೆ 15ರ ತಳ ಇರಲಿ ಎಂದು ಒಪ್ಪಿದ್ದೂ ಇದೇ ಉಪಾಯ, ಇಪ್ಪತ್ತು ವರ್ಷ ತಡವಾಗಿ. ಹಾಗೆಂದು ನಮ್ಮಲ್ಲೂ ಪೈಪೋಟಿ ಸತ್ತಿಲ್ಲ. ಪುದುಚೇರಿ ನಂಬರ್ ಪ್ಲೇಟಿನ ಐಷಾರಾಮಿ ಕಾರುಗಳು ಬೆಂಗಳೂರಿನ ಸಿಗ್ನಲ್ಲಿನಲ್ಲಿ ನಿಂತಿರುವುದನ್ನು ನೀವೂ ನೋಡಿದ್ದೀರಿ. ಅವುಗಳ ಮಾಲೀಕರಿಗೆಲ್ಲ ಅರವಿಂದಾಶ್ರಮದ ಮೇಲೆ ಭಕ್ತಿ ಎಂದು ನಾನಂತೂ ನಂಬುವುದಿಲ್ಲ.

ಇನ್ನು ಮಾರಿಷಸ್. 1982ರಲ್ಲಿ ಭಾರತದೊಡನೆ ಸಹಿಯಾದ ತೆರಿಗೆ ಒಪ್ಪಂದದ ಪ್ರಕಾರ ಅಲ್ಲಿನ ನಿವಾಸಿ ಭಾರತದ ಷೇರು ಮಾರಿ ಗಳಿಸಿದ ಲಾಭಕ್ಕೆ ತೆರಿಗೆ ಹಾಕುವ ಹಕ್ಕು ಮಾರಿಷಸ್ಸಿಗೆ ಮಾತ್ರ ಇತ್ತು. ಮಾರಿಷಸ್ ಅಂಥ ತೆರಿಗೆ ಹಾಕುತ್ತಲೇ ಇರಲಿಲ್ಲ. ಎರಡು ಬಾರಿ ತೆರಿಗೆ ಬೀಳದಿರಲಿ ಎಂದು ಮಾಡಿದ ಒಪ್ಪಂದ ಒಂದು ಬಾರಿಯೂ ಬೀಳದಂತೆ ಮಾಡಿತು. ಅಲ್ಲಿನ ರಾಜಧಾನಿ ಪೋರ್ಟ್ ಲೂಯಿಯ ಅಂಚೆ ವಿಳಾಸವೊಂದು ನೂರಾರು ಕೋಟಿಯ ಹೂಡಿಕೆದಾರನಾಗುವುದು ಅಲ್ಲಿಂದ ಶುರುವಾಯಿತು. ಹಲವು ವರ್ಷ ಭಾರತಕ್ಕೆ ಅತಿ ಹೆಚ್ಚು ವಿದೇಶಿ ಬಂಡವಾಳ ತಂದ ದೇಶ ಅಮೆರಿಕವೂ ಅಲ್ಲ, ಜಪಾನೂ ಅಲ್ಲ, ಕೊಡಗಿನ ಅರ್ಧದಷ್ಟು ವಿಸ್ತೀರ್ಣದ ಈ ದ್ವೀಪ. 2003ರ ಆಜಾದಿ ಬಚಾವೋ ಆಂದೋಲನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದರಲ್ಲಿ ಅಕ್ರಮವಿಲ್ಲ ಎಂದಿತು. ಬಡ ದೇಶ ಬಂಡವಾಳ ಸೆಳೆಯಲು ಇಂಥದ್ದನ್ನು ಸಹಿಸಿಕೊಳ್ಳುವುದುಂಟು ಎಂಬ ಧಾಟಿ ಆ ತೀರ್ಪಿನಲ್ಲಿದೆ. ಒಪ್ಪಂದವನ್ನು ತಿದ್ದಿದ್ದು 2016ರಲ್ಲಿ.

ತಿದ್ದಿದರೂ ತಂಟೆ ಮುಗಿಯಲಿಲ್ಲ. ಫ್ಲಿಪ್‌ಕಾರ್ಟ್ 2007ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಅದರ ಮಾತೃ ಕಂಪನಿ ನೋಂದಣಿಯಾದದ್ದು ಸಿಂಗಪುರದಲ್ಲಿ. ಹೂಡಿಕೆ ಮಾಡಿದ ಅಮೆರಿಕದ ಟೈಗರ್ ಗ್ಲೋಬಲ್ ಹಣ ತಂದದ್ದು ಮಾರಿಷಸ್ ಕಂಪನಿಗಳ ಮೂಲಕ. 2018ರಲ್ಲಿ ಕೊಂಡದ್ದು ಅಮೆರಿಕದ ವಾಲ್‌ಮಾರ್ಟ್. ಈ ಮಾರಾಟದ ಲಾಭಕ್ಕೆ ತೆರಿಗೆ ಯಾರಿಗೆ, ಎಲ್ಲಿ ಎಂಬ ವ್ಯಾಜ್ಯ ದೆಹಲಿ ಹೈಕೋರ್ಟನ್ನು ದಾಟಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಪಾರ್ಸೆಲ್ ಹೊತ್ತು ಮೆಟ್ಟಿಲು ಹತ್ತಿದ ಹುಡುಗರು ಕೋರಮಂಗಲದವರು, ಗಿರಾಕಿಗಳು ದಾವಣಗೆರೆ, ಧಾರವಾಡದವರು; ಲಾಭ ಹುಟ್ಟಿದ್ದು ಮಾತ್ರ ಹಿಂದೂ ಮಹಾಸಾಗರದಲ್ಲಂತೆ. ಇದನ್ನು ಪೈಪೋಟಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕಾರ್ಖಾನೆ ಕಟ್ಟಿಸಿಕೊಳ್ಳಲು ದರ ಇಳಿಸುವುದು ಪೈಪೋಟಿ. ಬೇರೆಡೆ ಕಟ್ಟಿದ ಕಾರ್ಖಾನೆಯ ಲಾಭಕ್ಕೆ ಕಾಗದದ ಮನೆ ಬಾಡಿಗೆಗೆ ಕೊಡುವುದು ಬೇರೆ ಕಸುಬು.

ಈಗ ಗುಟ್ಟಿನ ಪ್ರಶ್ನೆಗೆ ಬರುತ್ತೇನೆ. 2011ರ ಜುಲೈ 4ರಂದು ರಾಮ್ ಜೇಠ್ಮಲಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಹಣದ ತನಿಖೆಗೆ ವಿಶೇಷ ತಂಡ ರಚಿಸಲು ಆದೇಶ ನೀಡಿತು. ಎಲ್ಲರಿಗೂ ನೆನಪಿರುವುದು ಅದು. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು: ತಪ್ಪು ಮಾಡಿದ್ದಾನೆಂದು ಮೇಲ್ನೋಟಕ್ಕಾದರೂ ಕಾಣದ ಹೊರತು ಒಬ್ಬನ ಬ್ಯಾಂಕ್ ಖಾತೆಯ ವಿವರವನ್ನು ಬಹಿರಂಗಪಡಿಸಬಾರದು, ಅದು ಖಾಸಗಿತನದ ಉಲ್ಲಂಘನೆ. ಟಿವಿ ಚಾನೆಲ್ಲುಗಳಿಗೆ ಆ ಪುಟ ಬೇಕಿರಲಿಲ್ಲ. ತೆರಿಗೆ ಅಧಿಕಾರಿಗೆ ಗೊತ್ತಾಗಬೇಕು, ಊರಿಗೆ ಗೊತ್ತಾಗಬೇಕಿಲ್ಲ. ಇದು ಸರಳ, ಆದರೆ ಸ್ವಿಸ್ ಕಾನೂನಿಗೂ ಆಲ್ಬರ್ತಾ ಓದಿದ ಪಟ್ಟಿಗೂ ನಡುವಿನ ದಾರಿ ಇದೇ. ಆರು ವರ್ಷದ ನಂತರ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆ ಪ್ರಕರಣಕ್ಕೆ ತನ್ನ ಹೆಸರು ಕೊಟ್ಟ ಅರ್ಜಿದಾರ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರು.

ಈ ನಡುವಿನ ದಾರಿಯನ್ನು ಬೇರೆಯವರು ಬೇರೆ ಕಡೆಗೆ ಎಳೆದಿದ್ದಾರೆ. ನಾರ್ವೆಯಲ್ಲಿ ಯಾರ ಆದಾಯ ಎಷ್ಟು, ಯಾರು ಎಷ್ಟು ತೆರಿಗೆ ಕಟ್ಟಿದರು ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಆದರೆ 2014ರಿಂದ ಒಂದು ಷರತ್ತು: ನೀವು ಪಕ್ಕದ ಮನೆಯವರ ಲೆಕ್ಕ ನೋಡಿದರೆ, ನೋಡಿದವರು ನೀವು ಎಂಬುದು ಅವರಿಗೂ ತಿಳಿಯುತ್ತದೆ. ಅಂದಿನಿಂದ ಇಣುಕುವವರ ಸಂಖ್ಯೆ ಧಡಕ್ಕನೆ ಕುಸಿಯಿತು! ಐರೋಪ್ಯ ನ್ಯಾಯಾಲಯ 2022ರ ನವೆಂಬರಿನಲ್ಲಿ ಲಕ್ಸೆಂಬರ್ಗಿನ ಪ್ರಕರಣವೊಂದರಲ್ಲಿ, ಕಂಪನಿಗಳ ನಿಜವಾದ ಒಡೆಯರ ಪಟ್ಟಿಯನ್ನು ಸಾರ್ವಜನಿಕರೆಲ್ಲರಿಗೂ ತೆರೆದಿಡುವುದು ಖಾಸಗಿತನಕ್ಕೆ ವಿರುದ್ಧ ಎಂದಿತು. ನನಗೆ ಆ ತೀರ್ಪು ಸರಿ ಎನಿಸುವುದಿಲ್ಲ. ಮನುಷ್ಯನಿಗೆ ಖಾಸಗಿತನ ಇದೆ, ಒಪ್ಪೋಣ. ಕಂಪನಿಯೆಂಬುದು ಹೊಣೆಗಾರಿಕೆಯನ್ನು ಮಿತಿಗೊಳಿಸಿಕೊಳ್ಳಲು ಸಮಾಜ ಕೊಟ್ಟ ಸವಲತ್ತು. ಆ ಸವಲತ್ತು ಬೇಡಿದವನು ತನ್ನ ಹೆಸರು ಹೇಳುವುದು ದೊಡ್ಡ ಬೆಲೆಯೇನಲ್ಲ.

ನಮ್ಮಲ್ಲಿ ಪೆಟ್ಟು ಬೀಳುತ್ತಿರುವುದು ಯಾರಿಗೆ ಎಂಬುದನ್ನೂ ನೋಡಬೇಕು. 2015ರ ಕಪ್ಪು ಹಣ ಕಾಯಿದೆಯ ಪ್ರಕಾರ ವಿದೇಶಿ ಆಸ್ತಿಯನ್ನು ರಿಟರ್ನಿನಲ್ಲಿ ತೋರಿಸದಿದ್ದರೆ ಹತ್ತು ಲಕ್ಷ ರೂಪಾಯಿ ದಂಡ. ಅಮೆರಿಕನ್ ಕಂಪನಿಯ ಬೆಂಗಳೂರು ಕಚೇರಿಯಲ್ಲಿ ಕೆಲಸ ಮಾಡುವ ಎಂಜಿನಿಯರಿಗೆ ಸಂಬಳದ ಜೊತೆ ಒಂದಿಷ್ಟು ಷೇರು ಸಿಗುತ್ತದೆ. ಅದಕ್ಕೆ ಸಂಬಳದಲ್ಲೇ ತೆರಿಗೆ ಮುರಿದಿರುತ್ತಾರೆ. ಆದರೆ ವಿದೇಶಿ ಆಸ್ತಿಯ ಶೆಡ್ಯೂಲಿನಲ್ಲಿ ಅದನ್ನು ಬರೆಯಬೇಕೆಂದು ಅವನ ಆಡಿಟರಿಗೂ ಹೊಳೆದಿರುವುದಿಲ್ಲ. ತೆರಿಗೆ ಒಂದು ರೂಪಾಯಿಯೂ ಬಾಕಿ ಇಲ್ಲದವನಿಗೆ ಹತ್ತು ಲಕ್ಷದ ನೋಟಿಸು. 2024ರ ಅಕ್ಟೋಬರಿನಿಂದ, ಸ್ಥಿರಾಸ್ತಿಯನ್ನು ಬಿಟ್ಟು ಒಟ್ಟು ಇಪ್ಪತ್ತು ಲಕ್ಷದೊಳಗಿನ ಆಸ್ತಿಗೆ ಈ ದಂಡ ಇಲ್ಲ ಎಂದಿದ್ದಾರೆ, ಒಳ್ಳೆಯದು. ಆದರೆ ಟ್ರಸ್ಟುಗಳ ಹಿಂದೆ ಕಂಪನಿ, ಕಂಪನಿಯ ಹಿಂದೆ ಇನ್ನೊಂದು ಟ್ರಸ್ಟು ಇಟ್ಟುಕೊಳ್ಳುವವನು ಈ ಬಲೆಯ ಹತ್ತಿರವೂ ಸುಳಿಯುವುದಿಲ್ಲ. 2016ರಲ್ಲಿ ಪನಾಮಾದ ವಕೀಲ ಸಂಸ್ಥೆ ಮೊಸಾಕ್ ಫೊನ್ಸೆಕಾದ 1.15 ಕೋಟಿ ದಾಖಲೆಗಳು ಹೊರಬಿದ್ದಾಗ ಕಂಡದ್ದು ಅಂಥವರ ಲೋಕ. ಅದನ್ನು ತೋರಿಸಿದ್ದು ಸರ್ಕಾರಗಳ ನಡುವಿನ ವಿನಿಮಯವಲ್ಲ, ಒಬ್ಬ ಅನಾಮಿಕ ಮತ್ತು ಪತ್ರಕರ್ತರು.

ಅಮೆರಿಕದ ಪಾತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಿದರೆ ರಾತ್ರಿಯಾಗುತ್ತದೆ. ಸ್ವಿಸ್ ಗೋಡೆ ಕೆಡವಿದ ಆ ದೇಶ ಎಲ್ಲರೂ ಸೇರಿದ ಖಾತೆ ವಿನಿಮಯಕ್ಕೆ ಇಂದಿಗೂ ಸೇರಿಲ್ಲ. ದಕ್ಷಿಣ ಡಕೋಟಾದ ಟ್ರಸ್ಟುಗಳಲ್ಲಿ ಈಗ ಹೊರದೇಶಗಳ ಹಣ ನೆಲೆಸಿದೆ. ಕಂಪನಿಗಳ ನಿಜವಾದ ಒಡೆಯರ ಹೆಸರು ಕೊಡಬೇಕೆಂದು 2021ರಲ್ಲಿ ತಂದ ಕಾನೂನಿನಿಂದ ತನ್ನದೇ ಕಂಪನಿಗಳಿಗೆ 2025ರ ಮಾರ್ಚಿನಲ್ಲಿ ವಿನಾಯಿತಿ ಕೊಟ್ಟಿತು. ಅದೇ ವರ್ಷ ಜೂನಿನಲ್ಲಿ ಜಿ-7 ದೇಶಗಳು ಅಮೆರಿಕದ ಕಂಪನಿಗಳನ್ನು ಆ ನೂರಕ್ಕೆ 15ರ ನಿಯಮಗಳ ಮುಖ್ಯ ಭಾಗದಿಂದ ಹೊರಗಿಡಲು ತಲೆಯಾಡಿಸಿದವು. 2000ದ ಪಟ್ಟಿಯಲ್ಲಿ ಸ್ವಿಟ್ಜರ್ಲೆಂಡ್ ಇಲ್ಲದಿದ್ದ ನ್ಯಾಯವೇ ಇಲ್ಲೂ ನಡೆದಿದೆ. ಬಲವಿದ್ದವನ ಗುಟ್ಟು ಖಾಸಗಿತನ, ಬಲವಿಲ್ಲದವನ ಗುಟ್ಟು ಅಪರಾಧ.

ಈ ಕಾರಣಕ್ಕೇ ಆಫ್ರಿಕಾದ ದೇಶಗಳು ಈ ಚರ್ಚೆಯನ್ನು ಶ್ರೀಮಂತರ ಕೂಟದಿಂದ ವಿಶ್ವಸಂಸ್ಥೆಗೆ ತಂದವು. 2023ರ ನವೆಂಬರಿನಲ್ಲಿ ಸಾಮಾನ್ಯ ಸಭೆಯ ಸಮಿತಿ 125 ಮತಗಳಿಂದ ಅಂತರರಾಷ್ಟ್ರೀಯ ತೆರಿಗೆ ಸಹಕಾರದ ಒಡಂಬಡಿಕೆಗೆ ದಾರಿ ಮಾಡಿಕೊಟ್ಟಿತು. ವಿರೋಧಿಸಿದ 48ರಲ್ಲಿ ಹೆಚ್ಚಿನವು ಶ್ರೀಮಂತ ದೇಶಗಳು. ಭಾರತ ಪರವಾಗಿ ಮತ ಹಾಕಿತು. 2025ರ ಫೆಬ್ರವರಿಯಲ್ಲಿ ಮಾತುಕತೆ ಶುರುವಾದಾಗ ಅಮೆರಿಕ ಎದ್ದು ಹೊರನಡೆಯಿತು, ಉಳಿದವರು ಕೂತಿದ್ದಾರೆ. ಕರಡು 2027ಕ್ಕೆ ಸಿದ್ಧವಾಗಬೇಕು.

ಆ ಕರಡಿನಲ್ಲಿ ಲಾಭ ಹುಟ್ಟಿದ ಊರಿಗೆ ತೆರಿಗೆಯ ಹಕ್ಕು ಕೇಳುವುದು ಭಾರತಕ್ಕೆ ಸುಲಭ, ಅದನ್ನು ನಾವು ಕೇಳುತ್ತಲೇ ಬಂದಿದ್ದೇವೆ. ಕಷ್ಟದ ಭಾಗ ಇನ್ನೊಂದು: ಹೊರದೇಶದಿಂದ ನಮ್ಮ ಸರ್ಕಾರದ ಕೈಸೇರುವ ಲಕ್ಷಾಂತರ ಖಾತೆಗಳ ವಿವರವನ್ನು ಯಾರು ನೋಡಬಹುದು, ಸೋರಿದರೆ ಹೊಣೆ ಯಾರದು, ತೆರಿಗೆಯನ್ನು ಬಿಟ್ಟು ಬೇರೆ ಸೇಡಿಗೆ ಅದನ್ನು ಬಳಸಿದರೆ ನಾಗರಿಕ ಎಲ್ಲಿಗೆ ಹೋಗಬೇಕು? ನಮ್ಮ 2023ರ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯಿದೆ ಸರ್ಕಾರ ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಲು ಬಾಗಿಲು ತೆರೆದಿಟ್ಟಿದೆ. ಇಲ್ಲಿರುವ ಅಧ್ಯಾಪಕರನ್ನು, ಆಡಿಟರುಗಳನ್ನು, ವಕೀಲರನ್ನು ನಾನು ಕೇಳಿಕೊಳ್ಳುವುದು ಇಷ್ಟೇ. ಕರಡು ಮುಗಿಯುವ ಮೊದಲು ನಿಮ್ಮ ಸಂಸದರಿಗೆ ಕಾಗದ ಬರೆಯಿರಿ, ಈ ಮಾತುಕತೆಯಲ್ಲಿ ಭಾರತದ ನಿಲುವು ಏನು ಎಂದು ಸದನದಲ್ಲಿ ಪ್ರಶ್ನೆ ಕೇಳಿಸಿ, ಬಂದ ಉತ್ತರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ.